ಯಾವ ಕೈಗೆ ಹಾಕಲಿ?

ನನ್ನ ಪ್ರಾಯದ ಹೆಂಗಸರು ಬಸ್ಸಿನಲ್ಲಿ ಕೈಯೆತ್ತಿ ಕಂಬಿ ಹಿಡಿದಾಗ ಒಮ್ಮೆ ಅವರ ತೋಳು ನೋಡಿ. ಸಿಡುಬು ಬರಬಾರದೆಂದು ಆ ಕಾಲದಲ್ಲಿ ದೇವಿ ಹಾಕುತ್ತಿದ್ದರಲ್ಲ, ಅದರ ಕಲೆ ಹೆಚ್ಚಿನವರಿಗೆ ಎಡ ತೋಳಿನಲ್ಲಿರುತ್ತದೆ. ನಮ್ಮ ಕೊಪ್ಪದವರಿಗೆ ಮಾತ್ರ ಬಲ ತೋಳಿನಲ್ಲಿ. ಕೊಪ್ಪ ಅಂದರೆ ದೊಡ್ಡ ಊರೇನಲ್ಲ, ಕುಮಟೆಯ ಹೊರಗೆ ಗದ್ದೆಯಂಚಿಗೆ ಒತ್ತೊತ್ತಾಗಿ ನಿಂತ ಇಪ್ಪತ್ತು ಮನೆ, ಅಷ್ಟೆ.

ಮೊನ್ನೆ ನನ್ನ ಬಿಪಿ ನೋಡಲು ಬಂದ ನರ್ಸು ಹುಡುಗಿ ತೋಳಿಗೆ ಪಟ್ಟಿ ಸುತ್ತುತ್ತ, "ಇದೆಂತ ಅಜ್ಜಿ, ನಿಮಗೆ ಉಲ್ಟಾ ಕೈಗೆ ಹಾಕಿದ್ದಾರಲ್ಲ!" ಅಂತ ನಕ್ಕಳು. ನನಗೆ ರೇಗಿತು. "ಉಲ್ಟಾ ಅಲ್ಲ ತಂಗಿ, ಕೇಳಿ ಹಾಕಿದ್ದು," ಅಂದೆ. ಅವಳಿಗೆ ತಲೆಬುಡ ತಿಳಿಯಲಿಲ್ಲ. ಇನ್ನೂ ನಾಲ್ಕು ಮನೆಗೆ ಹೋಗುವುದಿತ್ತು ಪಾಪ, ಹೋದಳು. ಅವಳಿಗೆ ಹೇಳಬೇಕಾದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅರವತ್ತರ ದಶಕ ಶುರುವಾದ ಹೊಸತು. ನಾನು ಮುಲ್ಕಿ ಪರೀಕ್ಷೆ ಪಾಸು ಮಾಡಿ ಮನೆಯಲ್ಲಿ ಕೂತಿದ್ದೆ. ಮುಲ್ಕಿ ಅಂದರೆ ಏಳನೇ ಇಯತ್ತೆ, ಕೊಪ್ಪದಲ್ಲಿ ಅಷ್ಟು ಕಲಿತ ಮೊದಲ ಹೆಣ್ಣು ನಾನೇ. ಕೂತಿದ್ದೆ ಅಂದೆನಲ್ಲ, ಅದು ಸುಳ್ಳು. ಯಾರು ಕೂರಲು ಬಿಡುತ್ತಾರೆ? ನಮ್ಮಲ್ಲಿ ಭತ್ತ ಕೊಯ್ದ ಗದ್ದೆಯಲ್ಲೇ ನೀರುಳ್ಳಿ, ಹರಿವೆ, ಬದನೆ ಬೆಳೆಯುತ್ತಾರೆ. ಬೆಳಗಾದರೆ ಕೊಡದಲ್ಲಿ ನೀರು ಹೊತ್ತು ಹನಿಸುವುದು, ಬಗ್ಗಿ ಕಳೆ ಕೀಳುವುದು. ಬೆಳೆದದ್ದನ್ನು ಹೆಂಗಸರು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಹಳ್ಳ ದಾಟಿ ಕುಮಟೆಗೆ ನಡೆದು ಮಾರುತ್ತಿದ್ದರು. ಗಂಡಸರು ಗದ್ದೆ ಹೂಡುತ್ತಿದ್ದರು, ಬುಟ್ಟಿ ಮುಟ್ಟುತ್ತಿರಲಿಲ್ಲ. "ಬುಟ್ಟಿ ಹೊತ್ತ ಗಂಡಸನ್ನು ಕಂಡ್ರೆ ನಾಯಿ ಸಹ ನಗ್ತದೆ," ಅನ್ನುತ್ತಿದ್ದಳು ನಮ್ಮಜ್ಜಿ. ಈ ಮಾತು ನೆನಪಿನಲ್ಲಿಡಿ.

ಆ ವರ್ಷ ನಮ್ಮ ಕಡೆಯ ಸರಕಾರಿ ದವಾಖಾನೆಗೆ ಒಬ್ಬ ಹೊಸ ಡಾಕ್ಟರು ಬಂದರು. ಧಾರವಾಡದ ಕಡೆಯವರು, ಇನ್ನೂ ಮೀಸೆ ಸರಿಯಾಗಿ ಕಟ್ಟದ ಪ್ರಾಯ, ಸಿಟ್ಟು ಮೂಗಿನ ತುದಿಯಲ್ಲಿ, ನಗು ಅದರ ಪಕ್ಕದಲ್ಲೇ. ಅವರು ಶಾಲೆಗೆ ಬಂದು ಹುಡುಗ ಹುಡುಗಿಯರನ್ನೆಲ್ಲ ಸೇರಿಸಿ, "ಮುದುಕರ ಜೋಡಿ ಮಾತಾಡಿ ಮಾತಾಡಿ ನನ್ನ ಗಂಟಲಾ ಹರದೈತಿ. ನೀವು ಹುಡುಗೂರು ಮುಂದ ಬರ್ರಿ. ನಿಮ್ಮೂರಿನ ಆರೋಗ್ಯ ನಿಮ್ಮ ಕೈಯಾಗ ಐತಿ," ಅಂದರು. ನಮಗೆಲ್ಲ ಮೈ ಜುಮ್ಮೆಂದಿತು. ಆಮೇಲೆ ನಮ್ಮ ಕೈಗೆ ಬಂದದ್ದು ಒಂದು ಖಾಲಿ ಸೀಮೆಎಣ್ಣೆ ಡಬ್ಬ. ಅದನ್ನು ಬಡಿಯುತ್ತ ಕೇರಿ ಕೇರಿ ತಿರುಗಿ, "ನಾಳೆ ದೇವಿ ಹಾಕುವವರು ಬರ್ತಾರೆ, ಎಲ್ಲರೂ ಬನ್ನಿ," ಅಂತ ಕೂಗುವುದು. ಹೀಗೆ ಹುಟ್ಟಿದ ನಮ್ಮ ಆರೋಗ್ಯ ಮಂಡಳಿಯ ಕೆಲಸ ಇಷ್ಟೇ. ಎಲ್ಲಿ, ಯಾವಾಗ, ಹೇಗೆ ಅಂತ ನಮ್ಮನ್ನು ಕೇಳಿದವರಿಲ್ಲ. ನಮಗೂ ಹೇಳಬೇಕು ಅಂತ ಹೊಳೆಯಲಿಲ್ಲ ಅನ್ನಿ.

ಮಂಡಳಿಗೊಬ್ಬರು ಮುಖಂಡರಿದ್ದರು. ಭಟ್ಕಳದ ಕಡೆ ಬೆಳಕೆ ಅನ್ನುವ ಊರಿನವರು, ಅದಕ್ಕೇ ಎಲ್ಲರಿಗೂ ಬೆಳಕೆಯವರು. ಹೊನ್ನಾವರದಲ್ಲಿ ಮ್ಯಾಟ್ರಿಕ್ ಪಾಸಾಗಿ, ನೌಕರಿ ಸಿಗುವ ತನಕ ಅಂತ ನಮ್ಮೂರಿನ ಸೋದರಮಾವನ ಮನೆಯಲ್ಲಿ ಉಳಿದಿದ್ದರು. ಬೆಳ್ಳನೆ ಪಂಚೆ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕ್ರಾಪು, ಬಾಯಿ ತೆರೆದರೆ ಭಾಷಣ. ಅದೇ ಮಹಾಶಯರು ಈಗ ಒಳಗೆ ಈಜಿಚೇರಿನಲ್ಲಿ ಕೂತು, "ಎಂತ ಬರೀತಿದ್ದೆ? ನನ್ನ ಸುದ್ದಿ ಹಾಕಬೇಡ," ಅಂತ ಕೆಮ್ಮುತ್ತಿದ್ದಾರೆ. ಆಗ ಅವರು ನಮ್ಮ ಮನೆಯವರಾಗಿರಲಿಲ್ಲ, ಆಗುವ ಲಕ್ಷಣವೂ ನನಗೆ ಕಂಡಿರಲಿಲ್ಲ. ಹುಡುಗನಿಗೆ ಕಂಠ ಚೆನ್ನಾಗಿದೆ, ತಲೆ ಇನ್ನೂ ಬರಬೇಕು ಅಂತ ಗೆಳತಿಯರ ಹತ್ತಿರ ಹೇಳಿದ್ದೆ.

ಅಷ್ಟರಲ್ಲಿ ಹೊನ್ನಾವರದ ದೋಣಿ ತಾರಿ ದಾಟಿ ಬಂದವರು ಒಂದು ಸುದ್ದಿ ತಂದರು. ಹೊಳೆಯ ಆಚೆ ಒಂದೂರಿಗೆ ಅಮ್ಮ ಬಂದಿದ್ದಾಳೆ. ಸಿಡುಬಿಗೆ ನಾವು ಅಮ್ಮ ಅಂತಲೇ ಹೇಳುವುದು, ರೋಗದ ಹೆಸರು ಬಾಯಲ್ಲಿ ಎತ್ತುತ್ತಿರಲಿಲ್ಲ. ಸುದ್ದಿ ಕೇಳಿ ನನಗೆ ಮೊದಲು ನೆನಪಾದದ್ದು ಅಕ್ಕನ ಮಗು. ಕತಗಾಲದ ಕಡೆ ಕೊಟ್ಟ ನಮ್ಮಕ್ಕ ಚೊಚ್ಚಲ ಹೆರಿಗೆಗೆಂದು ಬಂದವಳು ಮನೆಯಲ್ಲೇ ಇದ್ದಳು. ಮೂರು ತಿಂಗಳ ಗಂಡುಮಗು. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಗುತ್ತಿದ್ದ, ನನ್ನ ಜಡೆ ಹಿಡಿದರೆ ಬಿಡುತ್ತಿರಲಿಲ್ಲ. ಗದ್ದೆಯಿಂದ ಬಂದು ಕೈಕಾಲು ತೊಳೆಯುವ ಮೊದಲೇ ಅವನನ್ನು ಎತ್ತಿಕೊಂಡು ಅಕ್ಕನಿಂದ ಬೈಸಿಕೊಳ್ಳುತ್ತಿದ್ದೆ. ಅವನಿಗಿನ್ನೂ ದೇವಿ ಹಾಕಿಸಿರಲಿಲ್ಲ.

ಅಷ್ಟೇ ಅಲ್ಲ. ನನಗೂ ಅಕ್ಕನಿಗೂ ಮೊದಲು ನಮಗೊಬ್ಬ ಅಣ್ಣ ಇದ್ದ. ಕೂಸಾಗಿದ್ದಾಗಲೇ ಅಮ್ಮ ಬಂದು ಕರೆದುಕೊಂಡು ಹೋದಳು. ನಮ್ಮ ಅಬ್ಬೆ, ಅಂದರೆ ತಾಯಿ, ಅವನ ಸುದ್ದಿಯನ್ನೇ ಆಡುತ್ತಿರಲಿಲ್ಲ. ಅವನಿಗೆಂದು ಹೊಲಿದ ಒಂದು ಕುಲಾವಿ ಮಾತ್ರ ಅಕ್ಕಿ ಮಡಕೆಯ ಹಿಂದೆ ಗಂಟಿನಲ್ಲಿತ್ತು. ಅಕ್ಕನ ಮಗುವಿಗೂ ಅದನ್ನು ತೊಡಿಸಲು ಬಿಡಲಿಲ್ಲ. ಇಂಥವಳು ಎಲ್ಲರಿಗಿಂತ ಮೊದಲು ಮೊಮ್ಮಗನನ್ನು ಎತ್ತಿಕೊಂಡು ಓಡಬೇಕಲ್ಲ? ನಾನು ಡಬ್ಬ ಬಡಿದು ಮನೆಗೆ ಬಂದರೆ ಅವಳು, "ನಮ್ಮನೆಗೆ ಬೇಡ. ಅಮ್ಮ ಸಿಟ್ಟಾಗ್ತಾಳೆ," ಅಂತ ಒಲೆಯ ಕಡೆ ತಿರುಗಿಬಿಟ್ಟಳು.

"ಇದೆಂತ ಅಬ್ಬೆ, ನಿನಗೇ ಗೊತ್ತಿದ್ದೂ..." ಅಂತ ನಾನು ಶುರುಮಾಡಿದೆ.

"ಬಾಯಿ ಮುಚ್ಚು ಕೂಸೇ. ಮುಲ್ಕಿ ಪಾಸಾದ್ರೆ ಅಬ್ಬೆಗೆ ಬುದ್ಧಿ ಹೇಳೂಕೆ ಬತ್ತದ್ಯಾ?"

ಕೊಪ್ಪದ ಹೆಂಗಸರಿಗೆಲ್ಲ ಅವಳೇ ಹಿರಿಯಾಳು. ಸಸಿ ನೆಡುವಾಗಿನ ನೆಟ್ಟಿಯ ಹಾಡಿಗೆ ಅವಳು ದನಿ ಎತ್ತಿದರೆ ಉಳಿದವರು ಎತ್ತುವುದು, ಅವಳು ಬುಟ್ಟಿ ಹೊತ್ತರೆ ಉಳಿದವರು ಹೊರುವುದು. ಅವಳು ಬೇಡವೆಂದರೆ ಇಪ್ಪತ್ತು ಮನೆಯೂ ಬೇಡ ಅಂದ ಹಾಗೆ.

ಮಂಡಳಿಯವರೆಲ್ಲ ಕೂತು ಯೋಚಿಸಿದೆವು. ಮೂಢನಂಬಿಕೆಯೇ ಇದಕ್ಕೆಲ್ಲ ಮೂಲ ಅಂತ ಬೆಳಕೆಯವರು ಗುಡುಗಿದರು. ಒಂದು ಪ್ರಹಸನ ಕಟ್ಟಿದರು. ಶಾಲೆಯ ಅಂಗಳದಲ್ಲಿ ಸಂಜೆ ಆಟ. ಅವರೇ ಮೈಮೇಲೆ ದೇವರು ಬರುವ ಪಾತ್ರಿಯಾಗಿ ಮೈಗೆಲ್ಲ ಬೂದಿ ಬಳಿದುಕೊಂಡು ಕುಣಿದರು. ಕುಣಿತದ ರಭಸಕ್ಕೆ ಸೊಂಟದ ಪಟ್ಟಿ ಬಿಚ್ಚಿಹೋಗಿ ಪಂಚೆ ಹಿಡಿದುಕೊಂಡು ಒಳಗೆ ಓಡಿದರು. ಹೆಂಗಸರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಬ್ಬೆಯೂ ನಕ್ಕಳು. ಕೊನೆಗೆ ನಾನು ಎದ್ದು ನಿಂತು, ಹಳೆಯ ನಂಬಿಕೆ ಬಿಡಿ, ನಾಳೆ ಎಲ್ಲರೂ ದೇವಿ ಹಾಕಿಸಿಕೊಳ್ಳಿ ಅಂತ ಭಾಷಣ ಬಿಗಿದೆ. ಎಲ್ಲರೂ "ಅಡ್ಡಿಲ್ಲ, ಅಡ್ಡಿಲ್ಲ" ಅಂತ ತಲೆಯಾಡಿಸಿದರು. ಗೆದ್ದೆವು ಅಂದುಕೊಂಡು ಮಲಗಿದೆವು.

ಬೆಳಿಗ್ಗೆ ಎದ್ದು ಹೊರಗೆ ಬಂದರೆ ನಮ್ಮನೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆ! ಆಚೆ ಮನೆ ನೋಡಿದೆ, ಅಲ್ಲೂ ಬೇವು. ಈಚೆ ಮನೆ, ಅಲ್ಲೂ ಬೇವು. ಇಡೀ ಕೊಪ್ಪದ ಬಾಗಿಲುಗಳಲ್ಲಿ ಸೊಪ್ಪು ಜೋಲಾಡುತ್ತಿತ್ತು.

ಯಾವ ಮನೆಯಲ್ಲಿ ಅಮ್ಮ ಬಂದಿದ್ದಾಳೋ ಆ ಮನೆಯ ಬಾಗಿಲಿಗೆ ಬೇವು ಕಟ್ಟುವುದು ರೂಢಿ. ಕಟ್ಟಿದ ಮೇಲೆ ಹೊರಗಿನವರು ಹೊಸ್ತಿಲು ತುಳಿಯುವ ಹಾಗಿಲ್ಲ, ಒಳಗಿನವರು ಒಗ್ಗರಣೆ ಹಾಕುವ ಹಾಗಿಲ್ಲ. ನಮ್ಮ ಕಡೆ ಮಳೆ ಜಾಸ್ತಿಯಾಗಿ ಬೇವಿನ ಮರವೇ ಅಪರೂಪ. ಹಿಂದೆ ಯಾರೋ ಮಾಸ್ತರರು ಬಯಲುಸೀಮೆಯಿಂದ ತಂದು ಶಾಲೆಯ ಮುಂದೆ ನೆಟ್ಟ ಒಂದೇ ಒಂದು ಮರ ಇತ್ತು. ಓಡಿಹೋಗಿ ನೋಡಿದೆ. ಕೈಗೆಟಕುವ ಕೊಂಬೆಯಲ್ಲೆಲ್ಲ ಒಂದು ಎಲೆಯೂ ಇಲ್ಲ, ತಿರುಪತಿಗೆ ಹೋಗಿ ಬಂದ ತಲೆಯ ಹಾಗೆ ಬೋಳು. ನಾನು ತಿರುಗಿ ಮನೆಗೆ ಬಂದರೆ ಬಾಗಿಲಲ್ಲಿ ಬೇವು, ಒಳಗಿನಿಂದ ಬೆಳ್ಳುಳ್ಳಿ ಒಗ್ಗರಣೆಯ ಘಮ ಘಮ!

"ಅಬ್ಬೆ, ಇದು ನಿನ್ನ ಕೆಲಸ."

"ಹೌದು. ಎಂತಾಯ್ತೀಗ?" ಅಂದಳು. ಪುಣ್ಯಾತ್ಗಿತ್ತಿ, ಸುಳ್ಳು ಬೇವು ಕಟ್ಟಿದ್ದಕ್ಕೆ ಅಮ್ಮ ಮುನಿಯಬಾರದೆಂದು ಮೊದಲೇ ಅರಿಶಿನದ ಬಟ್ಟೆಯಲ್ಲಿ ತಪ್ಪುಕಾಣಿಕೆಯನ್ನೂ ಕಟ್ಟಿ ದೇವರ ಮುಂದಿಟ್ಟಿದ್ದಳು. ದೇವರಿಗೆ ಮುಂಗಡ ಕೊಟ್ಟು ತಪ್ಪು ಮಾಡುವವರನ್ನು ನಾನು ಅವಳೊಬ್ಬಳನ್ನೇ ಕಂಡದ್ದು.

ಅಷ್ಟು ಹೊತ್ತಿಗೆ ದೇವಿ ಹಾಕುವ ಅಣ್ಣ ಬಂದ. ಕೊಂಕಣಿ ಮಾತಾಡುವ ಬಡಕಲು ಮನುಷ್ಯ, ಕೈಯಲ್ಲಿ ತಗಡಿನ ಪೆಟ್ಟಿಗೆ, ಕಂಕುಳಲ್ಲಿ ಕೊಡೆ. ಮೊದಲ ಬಾಗಿಲಿನ ಬೇವು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಎರಡನೆಯ ಬಾಗಿಲು ನೋಡಿ ನಿಂತ. ಕೊಪ್ಪದ ಉದ್ದಕ್ಕೂ ಕಣ್ಣು ಹಾಯಿಸಿ, "ಅರೇ ದೇವಾ!" ಅಂದವನೇ ಕೊಡೆಯನ್ನು ಅಲ್ಲೇ ಬಿಟ್ಟು ಬಂದ ದಾರಿಯಲ್ಲಿ ಓಡಿದ. ನಾನು, "ಅಣ್ಣಾ ನಿಲ್ಲಿ, ಸುಳ್ಳು ಬೇವು!" ಅಂತ ಕೂಗಿದೆ. ಅವನಿಗೆ ಕೇಳಿದರೆ ತಾನೆ. ಹೆಂಗಸರು ಬಾಗಿಲ ಸಂದಿಯಿಂದ ನೋಡಿ ಬಾಯಿಗೆ ಸೆರಗಿಟ್ಟು ನಕ್ಕರು.

ಆ ನಗು ಮಾರನೆಯ ದಿವಸ ಸಂತೆಯಲ್ಲಿ ಇಳಿಯಿತು. ಇಡೀ ಕೊಪ್ಪಕ್ಕೆ ಅಮ್ಮ ಬಂದಿದ್ದಾಳೆ ಅನ್ನುವ ಸುದ್ದಿ ದೇವಿ ಹಾಕುವ ಅಣ್ಣನಿಗಿಂತ ಜೋರಾಗಿ ಓಡಿ ಕುಮಟೆ ಮುಟ್ಟಿತ್ತು. ನಮ್ಮ ಹೆಂಗಸರು ಬುಟ್ಟಿ ಇಳಿಸಿದ ಕಡೆಯಿಂದ ಅಕ್ಕಪಕ್ಕದವರು ಬುಟ್ಟಿ ಎತ್ತಿಕೊಂಡು ಹೋದರು. ಯಾವಾಗಲೂ ಅಬ್ಬೆಯ ಹತ್ತಿರವೇ ನೀರುಳ್ಳಿ ಕೊಳ್ಳುವ ಗಿರಾಕಿಗಳು ಮೂಗಿಗೆ ಬಟ್ಟೆ ಹಿಡಿದು ದೂರದಿಂದ ಹೋದರು. "ಅಮ್ಮ ಬಂದಿಲ್ರೋ, ನಮ್ಮಾಣೆ ಬಂದಿಲ್ಲ," ಅಂದರೆ ಯಾರು ನಂಬುತ್ತಾರೆ? ಗದ್ದೆಯಲ್ಲಿ ಕಿತ್ತಿಟ್ಟ ನೀರುಳ್ಳಿ ರಾಶಿ, ಮನೆಯಲ್ಲಿ ಹೆಣೆದು ನೇತುಹಾಕಿದ ಜಡೆ ಜಡೆ ನೀರುಳ್ಳಿ. ವರ್ಷದ ಅನ್ನ ಅದು. ಅಬ್ಬೆ ತುಂಬಿದ ಬುಟ್ಟಿಯನ್ನು ಹೊತ್ತು ಹೋದವಳು ತುಂಬಿದ ಬುಟ್ಟಿಯನ್ನೇ ಹೊತ್ತು ವಾಪಸು ಬಂದಳು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ನನಗೆ ಅವಳ ಮೇಲೆ ಕೆಂಡದಂಥ ಸಿಟ್ಟು, ಮುಖ ನೋಡಿದರೆ ಅಳು.

ಮರುದಿವಸ ಬೆಳಿಗ್ಗೆ ಡಾಕ್ಟರ ಜೀಪು ಧೂಳೆಬ್ಬಿಸಿಕೊಂಡು ಬಂತು. ಇಳಿದವರ ಮುಖ ಬಿಳಿಚಿತ್ತು. ಒಂದೊಂದೇ ಮನೆ ಹೊಕ್ಕರು. ಯಾವ ಮನೆಯಲ್ಲಿ ನೋಡಿದರೂ ಮಕ್ಕಳು ಗಂಜಿ ಉಣ್ಣುತ್ತಿದ್ದರು. ಅಕ್ಕನ ಮಗು ಅವರ ಕೊರಳಿನ ನಳಿಗೆಯನ್ನು ಹಿಡಿದುಕೊಂಡು ನಕ್ಕ. ಡಾಕ್ಟರ ಮುಖ ಬಿಳುಪಿನಿಂದ ಕೆಂಪಿಗೆ ತಿರುಗಿತು.

"ಹೊಳೀ ಆಚೆ ಮಕ್ಕಳು ಸಾಯಾಕತ್ಯಾವ, ನಿಮಗ ಇದು ಚೇಷ್ಟಾ ಆಗೈತೇನು? ಎಂಥಾ ಮೂಢ ಮಂದಿ!" ಅಂತ ಅಂಗಳದಲ್ಲಿ ನಿಂತು ಕೂಗಿದರು. ಬೆಳಕೆಯವರು ಓಡಿಬಂದು ಪಕ್ಕದಲ್ಲಿ ನಿಂತು, "ಮೂಢನಂಬಿಕೆ ಸಾರ್, ಎಷ್ಟು ತಿಳಿಹೇಳಿದರೂ ಅಮ್ಮ ಅಮ್ಮ ಅಂತಾರೆ," ಅಂತ ತಾಳ ಹಾಕಿದರು.

ಅಬ್ಬೆ ಅಲ್ಲಿತನಕ ತಲೆ ತಗ್ಗಿಸಿ ನಿಂತಿದ್ದಳು. ಆ ಮಾತಿಗೆ ತಲೆ ಎತ್ತಿದಳು.

"ಅಮ್ಮನ ತಲೆ ಮೇಲೆ ಹಾಕಬೇಡಿ. ಅಮ್ಮ ಎಂತ ಮಾಡಿದ್ಲು ನಿಮಗೆ?" ಅಂದವಳೇ ನೀರುಳ್ಳಿ ತುಂಬಿದ ಬುಟ್ಟಿಯನ್ನು ಎತ್ತಿ ಬೆಳಕೆಯವರ ತಲೆಯ ಮೇಲೆ ಇಟ್ಟೇಬಿಟ್ಟಳು. "ಹಿಡಿ ಮಾರಾಯ. ಈಗ ಹಳ್ಳ ದಾಟಬೇಕು, ಪಂಚೆ ಎತ್ತಿ ಹಿಡಿ. ಎತ್ತಿದ್ಯಾ? ಯಾವ ಕೈಲಿ ಎತ್ತಿದೆ?"

ಅವರು ಬಲಗೈಯಲ್ಲಿ ಪಂಚೆ ಹಿಡಿದಿದ್ದರು. ಬುಟ್ಟಿಗೆ ಆಧಾರ ಎಡಗೈ ಒಂದೇ.

"ಈಗ ಆ ಎಡಗೈಯ ತೋಳಲ್ಲಿ ಹುಣ್ಣಾಗಿದೆ, ಬಾತು ಕುಂಬಳಕಾಯಾಗಿದೆ ಅಂತ ತಿಳ್ಕೋ. ಎತ್ತೂಕೆ ಆಗೂದಿಲ್ಲ. ಕೈ ಬಿಡು. ನಡಿ ಈಗ ಕುಮಟೆಗೆ."

ಬೆಳಕೆಯವರು ಎಡಗೈ ಬಿಟ್ಟು ಎರಡು ಹೆಜ್ಜೆ ಇಟ್ಟರು. ಬುಟ್ಟಿ ವಾಲಿತು, ನೀರುಳ್ಳಿ ಅಂಗಳದ ತುಂಬ ಉರುಳಿತು. ಕೊಪ್ಪಕ್ಕೆ ಕೊಪ್ಪವೇ ಗೊಳ್ಳೆಂದಿತು. ಅಬ್ಬೆ ಮಾತ್ರ ನಗಲಿಲ್ಲ.

"ದೇವಿ ಹಾಕುವವ್ರು ಬಂದಾಗೆಲ್ಲ ಎಡ ತೋಳು ಹಿಡೀತ್ರು. ಬಲಗೈ ಕೆಲಸದ ಕೈ, ಅದಕ್ಕೆ ಬೇಡ ಅಂತ್ರು. ಅದು ನಿಮ್ಮ ಗಂಡಸರ ಲೆಕ್ಕ. ನಮ್ಮ ಬುಟ್ಟಿ ಎಡಗೈದು. ನೀರಿನ ಕೊಡ ಎಡ ಸೊಂಟದ್ದು. ಮಗು ತಲೆ ಇಟ್ಟು ಮಲಗೂದು ಎಡ ತೋಳಿಗೆ. ಆ ಹುಣ್ಣು ಕೂಸಿನ ಕೆನ್ನೆಗೆ ತಾಗಿ ಕೂಸಿಗೂ ಹುಣ್ಣಾದದ್ದು ನಾವು ಕಂಡಿದ್ದೇವೆ. ವಾರಗಟ್ಟಲೆ ಕೈ ಎತ್ತೂಕಾಗ್ದೇ ಇದ್ರೆ ಮನೇಲಿ ಎಂತ ಬೇಯಿಸೂದು?"

"ಮತ್ತ ಅದನ್ನ ಹೇಳಬೇಕಿಲ್ಲವಾ ತಾಯಿ? ಅಮ್ಮ ಸಿಟ್ಟಾಗ್ತಾಳ ಅಂತ ಯಾಕ ಹೇಳಿದ್ರಿ?" ಡಾಕ್ಟರ ದನಿ ಇಳಿದಿತ್ತು.

"ಬುಟ್ಟಿ ಹೊರೂಕೆ ಆಗೂದಿಲ್ಲ ಅಂದ್ರೆ ನಿಮ್ಮಂಥವ್ರು ಕೇಳ್ತ್ರಾ? ಅಮ್ಮನ ಹೆಸರು ಹೇಳಿದ್ರೆ ಹೆದರಿಯಾದ್ರೂ ಬಿಡ್ತ್ರು."

ನಾನು ಹುಟ್ಟಿದ ದಿನದಿಂದ ಆ ಎಡಗೈಯನ್ನು ನೋಡುತ್ತ ಬಂದವಳು. ನನ್ನ ಎಡಗೈಯೇ ದಿನಾ ಕೊಡ ಹೊರುತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವುದು ನಮ್ಮಂಥವರಿಗೇ ಮಾಡಿದ ಗಾದೆ.

ಡಾಕ್ಟರು, "ನನಗ ಎಡಗೈ ಅಂತ ಕಲಿಸ್ಯಾರ. ಯಾಕ ಅಂತ ನಾನೂ ಕೇಳಲಿಲ್ಲ," ಅಂದರು. ಆಮೇಲೆ ಜೋರಾಗಿ ನಕ್ಕರು. ನಮ್ಮ ಕಡೆ ತಿರುಗಿ, "ಡಬ್ಬಾ ಬಡಿಯೋದು ಸಾಕು. ಬರ್ರಿ, ಕೂತು ಹೇಳ್ರಿ, ಇದನ್ನ ಹೆಂಗ ಮಾಡೋಣು?" ಅಂತ ಕೇಳಿದರು. ಒಬ್ಬ ಡಾಕ್ಟರು, ಜೀಪಿನಲ್ಲಿ ಬಂದವರು, ಹದಿನೇಳು ವರ್ಷದ ಹುಡುಗಿಯನ್ನು ಹೇಗೆ ಮಾಡೋಣ ಅಂತ ಕೇಳಿದ್ದು! ನನಗೆ ಆವತ್ತು ಅವರ ಮೇಲೆ ಹುಟ್ಟಿದ ಪ್ರೀತಿ ಇವತ್ತಿಗೂ ಹೋಗಿಲ್ಲ. ಒಳಗಿನಿಂದ ಕೆಮ್ಮು ಕೇಳಿಸಿತು. ಕೇಳಿಸಲಿ.

ಬೋಳು ಬೇವಿನ ಮರದ ಕೆಳಗೆ ಕೂತೆವು. ನೆರಳು ಕಡಿಮೆ, ಮಾತು ಬೇಕಾದಷ್ಟಿತ್ತು. ಮೊದಲು ಕೈ ಯಾವುದು ಅಂತ ಕೇಳಬೇಕು, ಕೇಳದೆ ಮುಟ್ಟಬಾರದು ಅಂದೆ ನಾನು. ಒಂದು ಮನೆಯ ಹೆಂಗಸರಿಗೆಲ್ಲ ಒಟ್ಟಿಗೆ ಹಾಕಿದರೆ ಒಲೆ ಹಚ್ಚುವವರಿಲ್ಲ, ಈ ವಾರ ಅತ್ತೆ, ಬರುವ ವಾರ ಸೊಸೆ ಅಂತ ನನ್ನ ಗೆಳತಿ ಹೇಳಿದಳು. ಮಕ್ಕಳಿಗೆ ಮಾತ್ರ ತಡ ಬೇಡ, ಎಲ್ಲರಿಗೂ ಈಗಲೇ ಅಂದರು ಡಾಕ್ಟರು. ಅಷ್ಟರಲ್ಲಿ ಅಬ್ಬೆ ದೂರದಿಂದಲೇ, "ಬಲಗೈಗೆ ಹಾಕಿದ್ರೂ ಜ್ವರ ಬತ್ತದೆ. ಬುಟ್ಟಿ ಯಾರು ಹೊರ್ತ್ರು? ನೀರುಳ್ಳಿ ಕಾಯ್ತದ್ಯಾ?" ಅಂತ ಕೂಗಿದಳು.

ಆಗ ಬೆಳಕೆಯವರು, ಕ್ರಾಪಿನಲ್ಲಿ ಇನ್ನೂ ನೀರುಳ್ಳಿ ಸಿಪ್ಪೆ ಸಿಕ್ಕಿಕೊಂಡಿತ್ತು, "ನಾವು ಹೊರ್ತೇವೆ," ಅಂದರು.

"ಯಾರು?"

"ನಾವು ಹುಡುಗರು. ಯಾರಿಗೆ ದೇವಿ ಹಾಕಿದೆಯೋ ಅವರ ಬುಟ್ಟಿ ಹುಣ್ಣು ಒಣಗುವ ತನಕ ನಮ್ಮ ತಲೆ ಮೇಲೆ."

ತಲೆ ಬಂತು ಹುಡುಗನಿಗೆ ಅಂದುಕೊಂಡೆ ನಾನು.

ಡಾಕ್ಟರು ಹೋಗುವಾಗ ಅಬ್ಬೆಯ ಹತ್ತಿರ ನೀರುಳ್ಳಿಯ ಒಂದು ದೊಡ್ಡ ಜಡೆ ಕೊಂಡು ಜೀಪಿನ ಮುಂದೆ ಎಲ್ಲರಿಗೂ ಕಾಣುವ ಹಾಗೆ ಕಟ್ಟಿದರು. ಹಾಗೆಯೇ ಕುಮಟೆ ಪೇಟೆಯಲ್ಲಿ ಎರಡು ಸುತ್ತು ಹೊಡೆದರಂತೆ. ಡಾಕ್ಟರೇ ಆ ಕೊಪ್ಪದ ನೀರುಳ್ಳಿ ತಿನ್ನುವಾಗ ನಮಗೆಂತ ಹೆದರಿಕೆ ಅಂತ ಗಿರಾಕಿಗಳು ತಿರುಗಿ ಬಂದರು. ಬಾಗಿಲುಗಳ ಬೇವನ್ನು ಬಿಚ್ಚಿ ದನದ ಹಟ್ಟಿಯಲ್ಲಿ ಸೊಳ್ಳೆ ಓಡಿಸುವ ಹೊಗೆಗೆ ಹಾಕಿದೆವು.

ದೇವಿ ಹಾಕುವ ಅಣ್ಣ ಮತ್ತೆ ಬಂದ. ಮೊದಲು ತನ್ನ ಕೊಡೆ ಎಲ್ಲಿ ಅಂತ ವಿಚಾರಿಸಿದ. ಶಾಲೆಯ ಜಗಲಿಯಲ್ಲಿ ಕೂತು, ನಾನು ಕಲಿಸಿಕೊಟ್ಟ ಹಾಗೆ ಒಬ್ಬೊಬ್ಬರನ್ನೂ ಕೇಳಿದ, "ಯಾವ ಕೈಗೆ ಹಾಕಲಿ?" ಹೆಂಗಸರಿಗೆ ನಾಚಿಕೆ, ನಗು. ಹುಟ್ಟಿದ ಮೇಲೆ ಅವರನ್ನು ಯಾರೂ ಹಾಗೆ ಕೇಳಿದ್ದಿಲ್ಲ. ಒಬ್ಬಳು, "ಗಂಡನನ್ನು ಕಟ್ಟುವಾಗಲೂ ಯಾರೂ ಇಷ್ಟು ಕೇಳ್ಲಿಲ್ಲ ಮಾರಾಯ್ತಿ," ಅಂದಳು. ಎಲ್ಲರೂ ಬಲ ತೋಳು ಕೊಟ್ಟರು. ಮಕ್ಕಳಿಗೂ ಬಲ ತೋಳನ್ನೇ ತೋರಿಸಿದರು, ಹೆಣ್ಣುಮಕ್ಕಳು ನಾಳೆ ಬುಟ್ಟಿ ಹೊರುವವರಲ್ಲವಾ. ಅಕ್ಕನ ಮಗು ಕಿಟಾರನೆ ಕಿರುಚಿ, ಆಮೇಲೆ ಅಣ್ಣನ ಪೆಟ್ಟಿಗೆಯನ್ನೇ ಹಿಡಿಯಲು ಕೈ ಚಾಚಿದ.

ಅಬ್ಬೆಯ ಸರದಿ ಬಂತು. "ಯಾವ ಕೈಗೆ ಹಾಕಲಿ ಅಕ್ಕಾ?" ಅಂದ ಅಣ್ಣ. ಅಬ್ಬೆ ಬಲ ತೋಳು ಮುಂದೆ ಮಾಡಿದಳು. ಅವನು ಮುಟ್ಟುವ ಮೊದಲೇ ಎಡಗೈಯಿಂದ ಮುಖಕ್ಕೆ ಸೆರಗು ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಹೆರಿಗೆಯಲ್ಲೂ ಕೂಗದ ಗಟ್ಟಿ ಹೆಂಗಸು. "ಅಯ್ಯೋ, ಇನ್ನೂ ಹಾಕೇ ಇಲ್ಲ!" ಅಂತ ಅಣ್ಣ ಗಾಬರಿಯಾದ. ಸೂಜಿಗೆ ಹೆದರಿದಳು ಅಂತ ಸುತ್ತಲಿನವರು ನಕ್ಕರು. ನಾನೂ ನಕ್ಕೆ.

ಮುಂದಿನ ಸಂತೆಯ ದಿವಸದ ಮೆರವಣಿಗೆ ನೀವು ನೋಡಬೇಕಿತ್ತು! ಮುಂದೆ ಕೈ ಬೀಸಿಕೊಂಡು ನಮ್ಮ ಹೆಂಗಸರು, ಹಿಂದೆ ತಲೆಯ ಮೇಲೆ ಬುಟ್ಟಿ ಹೊತ್ತ ಹುಡುಗರ ಸಾಲು. ಹಳ್ಳ ದಾಟುವಾಗ ಬೆಳಕೆಯವರ ಪಂಚೆ ಅರ್ಧ ನೀರಿನಲ್ಲಿ, ಅರ್ಧ ಅವರ ಬಲಗೈಯಲ್ಲಿ. "ಎಡಗೈ ಗಟ್ಟಿ ಹಿಡೀರಿ ಲೀಡರೇ!" ಅಂತ ನಾನು ಹಿಂದಿನಿಂದ ಕೂಗುತ್ತಿದ್ದೆ. ಕುಮಟೆ ಪೇಟೆಯ ನಾಯಿಗಳು ನಗಲಿಲ್ಲ, ಆದರೆ ಬೊಗಳುತ್ತ ಬೆನ್ನು ಹತ್ತಿದವು. ಪೇಟೆಯವರು ನಕ್ಕರು. ಬೆಳಕೆಯವರು ಬುಟ್ಟಿ ಇಳಿಸಲಿಲ್ಲ. ಮುಂದಿನ ಸಂತೆಗೂ ಹೊತ್ತರು, ಅದರ ಮುಂದಿನದಕ್ಕೂ. ಆ ಎಡಗೈಯನ್ನು ನೋಡಿಯೇ ನಾನು ಮದುವೆಗೆ ಹೂಂ ಅಂದದ್ದು. ಅವರು ಈಗಲೂ ತಮ್ಮ ಭಾಷಣಕ್ಕೆ ಮರುಳಾದಳು ಅಂತ ತಿಳಿದಿದ್ದಾರೆ.

ಆಮೇಲೆ ನಮ್ಮ ಮಂಡಳಿಯವರನ್ನು ಡಾಕ್ಟರು ಬೇರೆ ಊರುಗಳಿಗೂ ಕರೆದುಕೊಂಡು ಹೋದರು. ಭಟ್ಕಳದ ತೆಂಗಿನಗುಂಡಿಯಲ್ಲಿ ಕಡಲಿಗೆ ಹೋಗುವವರನ್ನು ಕೇಳಿದರೆ ಅವರ ಲೆಕ್ಕವೇ ಬೇರೆ, ಹುಣ್ಣಿಗೆ ಉಪ್ಪುನೀರು ತಾಗುವ ಚಿಂತೆ. ಅಲ್ಲಿಯ ಹುಡುಗರೇ ಕೂತು ದಿನ ಗೊತ್ತುಮಾಡಿದರು. ಆ ವರ್ಷ ಅಮ್ಮ ಹೊಳೆ ದಾಟಿ ನಮ್ಮ ಹಳ್ಳದ ಆಚೆಯ ಕೇರಿಯ ತನಕ ಬಂದಳು. ಅಲ್ಲಿಯ ಬಾಗಿಲುಗಳಲ್ಲಿ ನಿಜವಾದ ಬೇವು ಕಂಡೆವು. ಎರಡು ಮಕ್ಕಳು ಹೋದವು. ನಮ್ಮ ಕೊಪ್ಪದಲ್ಲಿ ಒಬ್ಬರಿಗೂ ಒಂದು ಗುಳ್ಳೆ ಏಳಲಿಲ್ಲ. ಅಕ್ಕನ ಮಗ ಈಗ ಮೊಮ್ಮಕ್ಕಳನ್ನು ಕಂಡ ಅಜ್ಜ, ಹಲ್ಲಿಲ್ಲದ ಬಾಯಿ ತೆರೆದು ಮತ್ತೆ ಹಾಗೆಯೇ ನಗುತ್ತಾನೆ.

ಅಬ್ಬೆ ಯಾಕೆ ಅತ್ತಳು ಅನ್ನುವುದು ಗೊತ್ತಾದದ್ದು ಅವಳಿಗೆ ದೇವಿ ಹಾಕಿದ ವಾರದ ಕೊನೆಗೆ. ಅವಳ ಬಲ ತೋಳು ಬಾತಿತ್ತು. ಇಳಿಬಿಸಿಲಿನಲ್ಲಿ ಅಂಗಳದಲ್ಲಿ ಕೂತು ಹೇಗೋ ಎಡಗೈಯಿಂದ ನೀರುಳ್ಳಿ ಜಡೆ ಹೆಣೆಯುತ್ತಿದ್ದಳು, ನಾನು ಒಂದೊಂದೇ ಗಡ್ಡೆ ಎತ್ತಿ ಕೊಡುತ್ತಿದ್ದೆ. ಅಕ್ಕನ ಮಗು ಚಾಪೆಯ ಮೇಲೆ ಕಾಲು ಬಡಿಯುತ್ತಿದ್ದ. ಅವನ ತಲೆಯಲ್ಲಿ ಒಂದು ಹಳೆಯ ಕುಲಾವಿ ಇತ್ತು. ಅಕ್ಕಿ ಮಡಕೆಯ ಹಿಂದಿನ ಕುಲಾವಿ. ನಾನು ಅದನ್ನೇ ನೋಡುತ್ತಿರುವುದು ಕಂಡು ಅಬ್ಬೆ ತಾನಾಗಿ ಮಾತು ತೆಗೆದಳು.

"ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ದೇವಿ ಹಾಕಿದ್ರು. ಎಡಗೈಗೆ. ಕೀವಾಗಿ ತಿಂಗಳು ಬುಟ್ಟಿ ಹೊರೂಕಾಗ್ಲಿಲ್ಲ, ಮನೆಯವರ ಬಾಯಲ್ಲಿ ನನ್ನ ಅನ್ನ ದಂಡವಾಯ್ತು. ಮತ್ತೆ ಅವ್ರು ಬಂದಾಗ ನಿನ್ನ ಅಣ್ಣ ಕೈಕೂಸು. ತಾಯಿಗೂ ಮಗುವಿಗೂ ಒಟ್ಟಿಗೇ ಹಾಕ್ತ್ರು ಅಂದ್ರು. ಮತ್ತೆ ಕೈ ಹೋದ್ರೆ ಎಂತ ಮಾಡೂದು ಅಂತ ಕೂಸನ್ನು ಎತ್ಕೊಂಡು ಬದನೆ ಗದ್ದೆಯಲ್ಲಿ ಅಡಗಿ ಕೂತೆ. ಅವ್ರು ಹೋದ್ರು. ಮರುವರ್ಷ ಅಮ್ಮ ಬಂದ್ಲು."

ಹೆಣೆಯುವ ಕೈ ನಿಂತಿತು.

"ಯಾವ ಕೈಗೆ ಹಾಕಲಿ ಅಂತ ಆವತ್ತು ಒಬ್ರು ಕೇಳಿದ್ರೆ ಸಾಕಿತ್ತು ಕೂಸೇ. ನಿನ್ನ ಅಣ್ಣ ಇರ್ತಿದ್ದ," ಅಂದಳು.

ನಾನು ಇನ್ನೊಂದು ಗಡ್ಡೆ ಎತ್ತಿ ಕೊಟ್ಟೆ, ಅವಳು ಎಡಗೈಯಲ್ಲಿ ತೆಗೆದುಕೊಂಡಳು.